ತಾಟೆಯ ಬಸಿರು

ಶೃಂಗೇರಿಗೆ ಹೋದ ಯಾತ್ರಿಕರು ತುಂಗೆಯ ಸೋಪಾನಗಳನ್ನು ಇಳಿಯುವಾಗ ಕಪ್ಪೆಶಂಕರನನ್ನು ನೋಡದೆ ಬರುವುದಿಲ್ಲ. ಪ್ರಸವವೇದನೆಯಿಂದ ಬಳಲುತ್ತಿದ್ದ ಕಪ್ಪೆಯೊಂದಕ್ಕೆ ಬಿಸಿಲು ತಾಗದಿರಲೆಂದು ಸರ್ಪವೊಂದು ಹೆಡೆಯೆತ್ತಿ ನೆರಳು ಮಾಡಿತೆಂದೂ, ಹುಟ್ಟು ಹಗೆಗಳೂ ಹಗೆತನ ಮರೆತ ಆ ಸ್ಥಳದಲ್ಲಿಯೇ ಶಂಕರಾಚಾರ್ಯರು ಪೀಠವನ್ನು ಸ್ಥಾಪಿಸಿದರೆಂದೂ ಐತಿಹ್ಯ. ಕಪ್ಪೆಗೆ ಪ್ರಸವವೇದನೆ ಎಲ್ಲಿಯದು, ಅದು ನೀರಿನಲ್ಲಿ ಮೊಟ್ಟೆಯಿಟ್ಟು ಹೊರಟುಹೋಗುವ ಜಂತುವಲ್ಲವೆ ಎಂದು ಪ್ರಾಣಿಶಾಸ್ತ್ರಜ್ಞರು ಆಕ್ಷೇಪಿಸಬಹುದು. ಆಕ್ಷೇಪಿಸಲಿ, ಕಥೆಯ ಕರುಣೆ ಅದರಿಂದ ಕುಂದುವುದಿಲ್ಲ. ಅದೇ ಮೆಟ್ಟಿಲುಗಳ ಬುಡದಲ್ಲಿ ಭಕ್ತರು ಎಸೆಯುವ ಪುರಿಗಾಗಿ ಮುಗಿಬೀಳುವ ದೇವರ ಮೀನುಗಳೂ ಮೊಟ್ಟೆಯಿಡುವವೇ. ಮಲೆನಾಡಿನ ಹೊಳೆ, ಕೆರೆ, ಭದ್ರಾ ಹಿನ್ನೀರುಗಳ ಮೀನುಗಳನ್ನಷ್ಟೇ ಕಂಡವರಿಗೆ ಮೀನು ಬಸಿರಾಗುತ್ತದೆ, ಹನ್ನೊಂದು ಹನ್ನೆರಡು ತಿಂಗಳು ಗರ್ಭ ಹೊತ್ತು, ಹೊಕ್ಕುಳುಬಳ್ಳಿಯಿರುವ ಮರಿಯನ್ನು ಹೆರುತ್ತದೆ ಎಂದರೆ ನಂಬುವುದು ಕಷ್ಟ.

ಆದರೆ ಆಗುಂಬೆಯ ಘಾಟಿ ಇಳಿದು ಮಲ್ಪೆಯ ಬಂದರಿಗೋ ಮಂಗಳೂರಿನ ದಕ್ಕೆಗೋ ಹೋದರೆ ಇದು ಅಲ್ಲಿಯವರಿಗೆ ಹೊಸ ಸುದ್ದಿಯಲ್ಲ. ಮೀನು ಕೊಯ್ಯುವ ಹೆಂಗಸರು ತಾಟೆಯ ಹೊಟ್ಟೆ ಸೀಳಿದಾಗ ಸಾಲಾಗಿ ಮಲಗಿದ ಮರಿಗಳನ್ನು ಎಷ್ಟೋ ಸಲ ಕಂಡಿರುತ್ತಾರೆ. ಇಂಗ್ಲಿಷಿನವರ ಷಾರ್ಕನ್ನೇ ನಮ್ಮ ಕರಾವಳಿಯವರು ತಾಟೆ ಎನ್ನುತ್ತಾರೆ. ಕೊಂಕಣಿಗರ ಬಾಯಲ್ಲಿ ಅದು ಮೋರಿ. ಅದರ ಚಪ್ಪಟೆ ಮೈಯ ದಾಯಾದಿಯೇ ತೊರಕೆ.

ನಮ್ಮ ಹಿಂದಿನವರು ಜೀವರಾಶಿಯನ್ನು ಜರಾಯುಜ, ಅಂಡಜ, ಸ್ವೇದಜ, ಉದ್ಭಿಜ್ಜ ಎಂದು ನಾಲ್ಕಾಗಿ ವಿಂಗಡಿಸಿದರು. ಮಾಸಿನೊಡನೆ ಹುಟ್ಟುವ ಮನುಷ್ಯ, ಪಶು ಮೊದಲಾದವು ಜರಾಯುಜ. ಹಕ್ಕಿ, ಹಾವು, ಮೀನು ಅಂಡಜ. ಗಟ್ಟಿಯಾದ ವಿಂಗಡಣೆಯೇ ಸರಿ. ಆದರೂ ಇದಕ್ಕೆ ಬಿರುಕುಗಳುಂಟು. ಮುತ್ತಿನಕೊಪ್ಪದ ಕಡೆಯ ಅಡಕೆ ತೋಟಗಳಲ್ಲಿ ದುಡಿಯುವವರನ್ನು ಕೇಳಿದರೆ ಮಂಡಲದ ಹಾವು ಮೊಟ್ಟೆಯಿಡುವುದಿಲ್ಲ, ಮರಿ ಹಾಕುತ್ತದೆ ಎನ್ನುತ್ತಾರೆ; ಅದು ನಿಜ. ತಾಟೆಯಂತೂ ಈ ವಿಂಗಡಣೆಯನ್ನು ಬಿರುಕು ಬಿಡಿಸುವುದಷ್ಟೇ ಅಲ್ಲ, ಪೂರ್ತಿಯಾಗಿ ಕಲಸಿಬಿಡುತ್ತದೆ. ಲೋಕದಲ್ಲಿರುವ ಐನೂರಕ್ಕೂ ಹೆಚ್ಚು ಜಾತಿಯ ತಾಟೆಗಳಲ್ಲಿ ಕೆಲವು ಅಪ್ಪಟ ಅಂಡಜ, ಕೆಲವು ಅಪ್ಪಟ ಜರಾಯುಜ, ಉಳಿದವು ಎರಡರ ನಡುವಿನ ನಾನಾ ಮೆಟ್ಟಿಲುಗಳಲ್ಲಿ ನಿಂತಿವೆ.

ಗರ್ಭಧಾರಣೆಯಿಂದಲೇ ಈ ವ್ಯತ್ಯಾಸ ಮೊದಲಾಗುತ್ತದೆ. ರೋಹು, ಕಾಟ್ಲಾಗಳಂಥ ಮೀನುಗಳಲ್ಲಿ ಹೆಣ್ಣು ಲಕ್ಷಗಟ್ಟಲೆ ಮೊಟ್ಟೆಗಳನ್ನು ನೀರಿಗೆ ಸುರಿಯುತ್ತದೆ, ಗಂಡು ಅವುಗಳ ಮೇಲೆ ರೇತಸ್ಸನ್ನು ಚೆಲ್ಲುತ್ತದೆ. ಮುಂದಿನದು ಹೊಳೆಯ ಪಾಲು. ತಾಟೆಯಲ್ಲಿ ಹಾಗಲ್ಲ. ಗಂಡಿನ ಹೊಟ್ಟೆಯಡಿಯ ಈಜುರೆಕ್ಕೆಗಳ ಒಳ ಅಂಚಿನಲ್ಲಿ ಬೆರಳಿನಂತೆ ಚಾಚಿಕೊಂಡ ಎರಡು ಅಂಗಗಳಿವೆ. ಮೀನುಪೇಟೆಯಲ್ಲಿ ಗಂಡು ಹೆಣ್ಣುಗಳನ್ನು ಗುರುತಿಸುವುದಕ್ಕೆ ಇದಕ್ಕಿಂತ ಸುಲಭದ ಲಕ್ಷಣವಿಲ್ಲ. ಗರ್ಭಧಾರಣೆ ಹೆಣ್ಣಿನ ದೇಹದೊಳಗೇ ನಡೆಯುತ್ತದೆ. ಅವುಗಳ ಸಮಾಗಮದಲ್ಲಿ ಸರಸಕ್ಕಿಂತ ಕಲಹವೇ ಹೆಚ್ಚು. ಗಂಡು ಹೆಣ್ಣನ್ನು ಕಚ್ಚಿ ಹಿಡಿಯುತ್ತದೆ. ನೀಲಿ ತಾಟೆಯೆಂಬ ಜಾತಿಯಲ್ಲಿ ಹೆಣ್ಣಿನ ಚರ್ಮ ಗಂಡಿನ ಚರ್ಮಕ್ಕಿಂತ ಎರಡು ಮೂರು ಪಟ್ಟು ದಪ್ಪವಾಗಿರುವುದು ಈ ಕಾರಣದಿಂದಲೇ. ಹಲವು ಜಾತಿಗಳ ಹೆಣ್ಣು ಪಡೆದ ರೇತಸ್ಸನ್ನು ತಿಂಗಳುಗಟ್ಟಲೆ ಒಡಲಿನ ಗ್ರಂಥಿಯಲ್ಲಿ ಕಾದಿರಿಸಿಕೊಂಡು, ತನಗೆ ಅನುಕೂಲವಾದ ಕಾಲದಲ್ಲಿ ಗರ್ಭ ಧರಿಸಬಲ್ಲುದು.

ಮೊಟ್ಟೆಯಿಡುವ ತಾಟೆಗಳನ್ನು ಮೊದಲು ನೋಡೋಣ. ನಮ್ಮ ದೇಶದ ಕರಾವಳಿಯ ಬಂಡೆಗಳ ಸಂದಿಯಲ್ಲಿ ಬಿದಿರು ತಾಟೆಗಳೆಂಬ ಸಣ್ಣ, ಸಾಧು ಜಾತಿಗಳಿವೆ. ಇವುಗಳ ಮೊಟ್ಟೆ ಕೋಳಿಮೊಟ್ಟೆಯಂತೆ ಸುಣ್ಣದ ಚಿಪ್ಪಿನದಲ್ಲ. ಚರ್ಮದಂತೆ ಬಾಗುವ ಕಂದು ಬಣ್ಣದ ಚಪ್ಪಟೆ ಚೀಲ. ಯೂರೋಪಿನ ಕಡಲತೀರದಲ್ಲಿ ಇಂಥ ಬರಿದಾದ ಚೀಲಗಳು ಸಿಕ್ಕರೆ ಮಕ್ಕಳು ‘ಮತ್ಸ್ಯಕನ್ಯೆಯ ಕೈಚೀಲ’ವೆಂದು ಆರಿಸಿಕೊಳ್ಳುತ್ತಾರೆ. ತಾಯಿ ಚೀಲವನ್ನು ಬಂಡೆಗೋ ಕಡಲ ಪಾಚಿಗೋ ಸಿಕ್ಕಿಸಿ ಹೋದರೆ ಅಲ್ಲಿಗೆ ಅವಳ ಕರ್ತವ್ಯ ಮುಗಿಯಿತು. ಒಳಗಿನ ಭ್ರೂಣ ಅಂಡದ ಹಳದಿಯನ್ನೇ ಬುತ್ತಿಯಾಗಿ ಉಂಡು ತಿಂಗಳುಗಟ್ಟಲೆ ಬೆಳೆಯಬೇಕು. ಸ್ವಲ್ಪ ಬೆಳೆದ ಮೇಲೆ ಚೀಲದ ಅಂಚಿನ ಸೀಳುಗಳು ತೆರೆದುಕೊಂಡು ಕಡಲ ನೀರು ಒಳಗೆ ಆಡತೊಡಗುತ್ತದೆ. ಉಸಿರಾಟಕ್ಕೆ ಇದು ಒಳ್ಳೆಯದು; ಅಪಾಯವೂ ಇದರಲ್ಲಿಯೇ. ಏಕೆಂದರೆ ಭ್ರೂಣದ ವಾಸನೆ, ಅದರ ಚಲನವಲನ ಹೊರಗಿನ ಶತ್ರುಗಳಿಗೂ ತಿಳಿಯುತ್ತದೆ. 2013ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ಬಿದಿರು ತಾಟೆಯ ಇಂಥ ಭ್ರೂಣಗಳ ಬಳಿ, ಬೇಟೆಗೆ ಬರುವ ಮೀನಿನ ಮೈಯಿಂದ ಹೊಮ್ಮುವಂಥ ಕ್ಷೀಣ ವಿದ್ಯುತ್ತನ್ನು ಹರಿಸಿ ನೋಡಿದರು. ಚೀಲದೊಳಗಿನ ಮರಿ ಕೂಡಲೇ ಕಿವಿರುಗಳ ಚಲನೆಯನ್ನು ನಿಲ್ಲಿಸಿ, ಬಾಲವನ್ನು ಮೈಗೆ ಸುತ್ತಿಕೊಂಡು, ಉಸಿರು ಬಿಗಿಹಿಡಿದು ಸ್ತಬ್ಧವಾಯಿತು! ಹುಟ್ಟುವುದಕ್ಕೆ ಮೊದಲೇ ಶತ್ರುವಿನ ಸುಳಿವು ಹಿಡಿಯುವ ಈ ವಿದ್ಯೆಗೆ ಅಭಿಮನ್ಯುವಿನ ಹೋಲಿಕೆ ಯಾರಿಗಾದರೂ ಹೊಳೆದೀತು. ಅವನಿಗಾದರೂ ಪಾಠ ಹೇಳುವವರಿದ್ದರು.

ಇನ್ನು ಕೆಲವು ಜಾತಿಗಳು ಮೊಟ್ಟೆಯನ್ನು ಹೊರಗಿಡದೆ ಗರ್ಭಕೋಶದಲ್ಲಿಯೇ ಇಟ್ಟುಕೊಳ್ಳುತ್ತವೆ. ಆಹಾರ ಅಂಡದ ಹಳದಿಯೇ; ತಾಯಿ ಕೊಡುವುದು ಆಶ್ರಯ ಮತ್ತು ಪ್ರಾಣವಾಯು. ಶೀತಸಮುದ್ರಗಳ ಮುಳ್ಳುತಾಟೆ ಹೀಗೆ ಒಂದೂವರೆ ವರ್ಷದಿಂದ ಎರಡು ವರ್ಷದವರೆಗೆ ಬಸಿರನ್ನು ಹೊರುತ್ತದೆ. ಆನೆಯ ಗರ್ಭವೂ ಇಷ್ಟು ಕಾಲದ್ದೇ ಎಂದರೆ ಇದರ ದೈರ್ಘ್ಯ ತಿಳಿದೀತು.

ಮೀನುಗಳಲ್ಲೆಲ್ಲ ದೊಡ್ಡದಾದ ತಿಮಿಂಗಿಲ ತಾಟೆಯ ವಿಷಯದಲ್ಲಿ ಪಂಡಿತರು ಬಹುಕಾಲ ದಾರಿ ತಪ್ಪಿದ್ದರು. 1953ರಲ್ಲಿ ಮೆಕ್ಸಿಕೊ ಕೊಲ್ಲಿಯಲ್ಲಿ ಸಿಗಡಿ ಬಲೆಗೆ ಒಂದಡಿ ಉದ್ದದ ಮೊಟ್ಟೆಯ ಚೀಲವೊಂದು ಬಂತು. ಒಳಗೆ ತಿಮಿಂಗಿಲ ತಾಟೆಯ ಜೀವಂತ ಮರಿ. ಆದ್ದರಿಂದ ಇದು ಮೊಟ್ಟೆಯಿಡುವ ಮೀನು ಎಂದು ಪುಸ್ತಕಗಳಲ್ಲಿ ಅಚ್ಚಾಯಿತು. ಒಂದೇ ಒಂದು ಮೊಟ್ಟೆಯ ಆಧಾರದ ಮೇಲೆ ನಿಂತ ಈ ನಂಬಿಕೆ ನಲವತ್ತೆರಡು ವರ್ಷ ಬಾಳಿತು! 1995ರಲ್ಲಿ ತೈವಾನಿನ ಬೆಸ್ತರು ಹಿಡಿದ ಹತ್ತೂವರೆ ಮೀಟರಿಗೂ ಮಿಗಿಲಾದ ಹೆಣ್ಣೊಂದರ ಗರ್ಭದಲ್ಲಿ ಸುಮಾರು ಮುನ್ನೂರು ಮರಿಗಳು ಕಂಡುಬಂದವು. ಕೆಲವು ಇನ್ನೂ ಚೀಲದೊಳಗಿದ್ದವು, ಕೆಲವು ಚೀಲ ಬಿಟ್ಟು ಹೊರಡಲು ಸಿದ್ಧವಾಗಿದ್ದವು. ಮೆಕ್ಸಿಕೊ ಕೊಲ್ಲಿಯ ಮೊಟ್ಟೆ ಅಕಾಲದಲ್ಲಿ ಜಾರಿದ ಗರ್ಭವಿರಬೇಕೆಂದು ಆಗ ಅರ್ಥವಾಯಿತು. ಗಾಂಧಾರಿಯ ನೂರೊಂದು ಮಕ್ಕಳ ಲೆಕ್ಕ ಇದರ ಮುಂದೆ ಸಣ್ಣದು. ಮತ್ತೊಂದು ಸೋಜಿಗವೆಂದರೆ, ಆ ಮರಿಗಳಲ್ಲಿ ಕೆಲವನ್ನು 2010ರಲ್ಲಿ ವಂಶವಾಹಿಗಳ ಪರೀಕ್ಷೆಗೆ ಒಡ್ಡಿದಾಗ, ಅವು ಬೇರೆ ಬೇರೆ ವಯಸ್ಸಿನ ಭ್ರೂಣಗಳಾಗಿದ್ದರೂ ಎಲ್ಲಕ್ಕೂ ಒಬ್ಬನೇ ತಂದೆಯೆಂದು ತಿಳಿಯಿತು.

ಗರ್ಭದೊಳಗಿನ ಊಟ

ಹಳದಿಯ ಬುತ್ತಿ ಮುಗಿದರೆ ಭ್ರೂಣ ಮುಂದೇನು ತಿನ್ನಬೇಕು? ಈ ಪ್ರಶ್ನೆಗೆ ತಾಟೆ ಮತ್ತು ತೊರಕೆಗಳ ಕುಲ ಮೂರು ಉತ್ತರಗಳನ್ನು ಕಂಡುಕೊಂಡಿದೆ. ಅವುಗಳಲ್ಲಿ ಒಂದು ಭೀಕರವಾದದ್ದು.

ಅಮೆರಿಕದ ಸ್ಟ್ಯೂವರ್ಟ್ ಸ್ಪ್ರಿಂಗರ್ ಎಂಬ ವಿಜ್ಞಾನಿ ಮರಳು ತಾಟೆಯೆಂಬ ಜಾತಿಯ ಬಸುರಿಯೊಂದರ ಗರ್ಭಕೋಶದಲ್ಲಿ ಕೈಯಿಟ್ಟು ಪರೀಕ್ಷಿಸುತ್ತಿದ್ದಾಗ ಒಳಗಿನಿಂದ ಏನೋ ಅವರ ಕೈಯನ್ನು ಕಚ್ಚಿತು. ಕಚ್ಚಿದ್ದು ಇನ್ನೂ ಹುಟ್ಟದ ಮರಿ! 1948ರಲ್ಲಿ ಅವರು ಬರೆದ ಲೇಖನದಿಂದ ಈ ಗರ್ಭದ ರಹಸ್ಯ ಬಯಲಾಯಿತು. ತಾಟೆಗಳಿಗೆ ಗರ್ಭಕೋಶಗಳು ಎರಡು. ಮರಳು ತಾಟೆಯಲ್ಲಿ ಎರಡರಲ್ಲಿಯೂ ಹಲವು ಭ್ರೂಣಗಳು ಬೆಳೆಯತೊಡಗುತ್ತವೆ. ಸುಮಾರು ಒಂದು ಗೇಣಿಗೂ ಕಡಮೆ ಉದ್ದವಿರುವಾಗಲೇ ಮೊದಲು ಚೀಲ ಬಿಟ್ಟ ಮರಿಗೆ ಹಲ್ಲುಗಳು ಮೂಡಿರುತ್ತವೆ. ಅದು ತನ್ನ ಒಡಹುಟ್ಟುಗಳನ್ನು ಒಂದೊಂದಾಗಿ ಕೊಂದು ತಿನ್ನುತ್ತದೆ. ಬಳಿಕ ತಾಯಿ ಬಿಡುತ್ತಲೇ ಇರುವ ಗರ್ಭಗಟ್ಟದ ಮೊಟ್ಟೆಗಳನ್ನು ನುಂಗುತ್ತ ಕೊಬ್ಬುತ್ತದೆ. ಒಂಬತ್ತರಿಂದ ಹನ್ನೆರಡು ತಿಂಗಳು ಕಳೆದು ಹುಟ್ಟುವಾಗ ಗರ್ಭಕೋಶಕ್ಕೊಂದರಂತೆ ಎರಡೇ ಮರಿಗಳು. ಒಂದೊಂದೂ ಸುಮಾರು ಒಂದು ಮೀಟರ್ ಉದ್ದ. ಈ ಜಾತಿಯಲ್ಲಿ ಒಂದೇ ಬಸಿರಿನ ಭ್ರೂಣಗಳಿಗೆ ಹಲವು ತಂದೆಯರಿರುವುದೂ, ಕೊನೆಗೆ ಉಳಿಯುವ ಮರಿಗಳ ತಂದೆಯರು ಅವರಲ್ಲಿ ಕೆಲವರೇ ಆಗಿರುವುದೂ 2013ರ ಸಂಶೋಧನೆಯಿಂದ ತಿಳಿದುಬಂದಿದೆ. ಗಂಡುಗಳ ಸ್ಪರ್ಧೆ ಹೀಗೆ ಗರ್ಭದೊಳಗೂ ಮುಂದುವರಿಯುತ್ತದೆ. ಸಿಂಹಾಸನಕ್ಕಾಗಿ ಅಣ್ಣತಮ್ಮಂದಿರನ್ನು ಕೊಂದ ಅರಸರನ್ನು ಚರಿತ್ರೆಯಲ್ಲಿ ಓದಿದ್ದೇವೆ. ಅವರು ಹುಟ್ಟುವ ತನಕವಾದರೂ ಕಾದರು.

ಎರಡನೆಯ ಉತ್ತರ ಸೌಮ್ಯವಾದದ್ದು. ತೊರಕೆಗಳಲ್ಲಿ ಗರ್ಭಕೋಶದ ಒಳಗೋಡೆಯಿಂದ ಕೂದಲಿನಂಥ ಎಳೆಗಳು ಹೊರಟು ಹಾಲಿನಂಥ ಪುಷ್ಟಿಕರವಾದ ದ್ರವವನ್ನು ಒಸರುತ್ತವೆ. ಚಿಟ್ಟೆ ತೊರಕೆಯಲ್ಲಿ ಈ ಎಳೆಗಳು ಭ್ರೂಣದ ಕಣ್ಣಿನ ಹಿಂದಿರುವ ರಂಧ್ರಗಳ ಮೂಲಕ ಒಳಹೊಕ್ಕು ಹಾಲೂಡುವುದನ್ನು ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಮ್ಮಿನ ವುಡ್-ಮೇಸನ್ ಮತ್ತು ಆಲ್ಕಾಕ್ ಎಂಬ ವಿದ್ವಾಂಸರು 1890ರ ದಶಕದಲ್ಲಿಯೇ ವರ್ಣಿಸಿದರು. ಮೊಲೆಯಿಲ್ಲದ ಮೀನು ಗರ್ಭದಲ್ಲಿಯೇ ಮೊಲೆಯೂಡಿಸುತ್ತದೆ ಎನ್ನಬಹುದು.

ಮೂರನೆಯದು ನಮ್ಮದೇ ಉತ್ತರ, ಎಂದರೆ ಮಾಸು ಮತ್ತು ಹೊಕ್ಕುಳುಬಳ್ಳಿ. ಗ್ರೀಸಿನ ಅರಿಸ್ಟಾಟಲ್ ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆಯೇ ನುಣುಪು ತಾಟೆಯೊಂದರ ಮರಿ ಹೊಕ್ಕುಳುಬಳ್ಳಿಯಿಂದ ತಾಯಿಯ ಗರ್ಭಕೋಶಕ್ಕೆ ಅಂಟಿಕೊಂಡಿರುತ್ತದೆ ಎಂದು ಬರೆದಿಟ್ಟ. ಅದನ್ನು ನಂಬಿದವರು ವಿರಳ. ಜರ್ಮನಿಯ ಯೋಹಾನಸ್ ಮ್ಯುಲರ್ 1840ರ ಸುಮಾರಿನಲ್ಲಿ ಅದೇ ಮೀನನ್ನು ಹುಡುಕಿ, ಕೊಯ್ದು, ಅರಿಸ್ಟಾಟಲ್ ಹೇಳಿದ್ದು ಅಕ್ಷರಶಃ ಸತ್ಯವೆಂದು ಸಾರಿದ. ಇಲ್ಲಿ ನಡೆಯುವುದಿಷ್ಟು: ಭ್ರೂಣಕ್ಕೆ ಅಂಟಿಕೊಂಡ ಹಳದಿಯ ಚೀಲ ಬರಿದಾದ ಮೇಲೆ ಉದುರಿಹೋಗದೆ, ಮಡಿಕೆ ಮಡಿಕೆಯಾಗಿ ಗರ್ಭಕೋಶದ ಗೋಡೆಗೆ ಕಚ್ಚಿಕೊಂಡು ಮಾಸಾಗುತ್ತದೆ, ಚೀಲದ ತೊಟ್ಟು ಉದ್ದವಾಗಿ ಹೊಕ್ಕುಳುಬಳ್ಳಿಯಾಗುತ್ತದೆ. ಹಳೆಯ ಬುತ್ತಿಯ ಗಂಟನ್ನೇ ಹೊಸ ಊಟದ ಪಾತ್ರೆ ಮಾಡಿಕೊಂಡಂತೆ.

ಈ ಕಲೆಯ ಶಿಖರವನ್ನು ಮುಟ್ಟಿದ ಮೀನು ದೂರದ್ದಲ್ಲ, ನಮ್ಮ ಪಶ್ಚಿಮ ಕಡಲಿನದೇ. ಪ್ರಾಣಿಶಾಸ್ತ್ರ ಓದಿದವರಿಗೆಲ್ಲ ಅದರ ಹೆಸರು ಕೇಳಿದೊಡನೆ ಪ್ರಯೋಗಶಾಲೆಯ ಫಾರ್ಮಲಿನ್ ವಾಸನೆ ಮೂಗಿಗೆ ಅಡರುತ್ತದೆ: ಸ್ಕೋಲಿಯೋಡಾನ್. ಲಕ್ನೋದ ಅಧ್ಯಾಪಿಕೆ ಮುತ್ತಮ್ಮ ತಿಲ್ಲೈಯಂಪಲಂ 1928ರಲ್ಲಿ ಇದರ ಮೇಲೆ ಬರೆದ ಗ್ರಂಥ ಭಾರತದ ಕಾಲೇಜುಗಳಲ್ಲಿ ತಲೆಮಾರುಗಳ ಕಾಲ ಪಾಠವಾಗಿ ನಿಂತಿತು. ತಲೆಯಿಂದ ಬಾಲದ ತುದಿಯವರೆಗೆ ಅಳೆದರೂ ಮುಕ್ಕಾಲು ಮೀಟರ್ ಮೀರದ, ಸಲಿಕೆಯಂತೆ ಚಪ್ಪಟೆ ಮೂತಿಯ ಬಡ ತಾಟೆ ಇದು. ಇತರ ತಾಟೆಗಳ ಅಂಡ ನಿಂಬೆಹಣ್ಣಿನಷ್ಟೋ ಕಿತ್ತಳೆಯಷ್ಟೋ ದೊಡ್ಡದಾಗಿದ್ದರೆ ಇದರದು ಒಂದು ಮಿಲಿಮೀಟರ್, ಎಂದರೆ ಸಾಸಿವೆ ಕಾಳಿಗಿಂತ ಹೆಚ್ಚಿಲ್ಲ. ತಾಟೆಗಳ ಅಂಡಗಳಲ್ಲೆಲ್ಲ ತಿಳಿದಮಟ್ಟಿಗೆ ಇದೇ ಅತ್ಯಂತ ಕಿರಿದು. ಅಷ್ಟು ಸಣ್ಣ ಅಂಡದಲ್ಲಿ ಬುತ್ತಿಯೆಲ್ಲಿಂದ ಬರಬೇಕು? ಆದ್ದರಿಂದ ಭ್ರೂಣ ಕೆಲವೇ ಮಿಲಿಮೀಟರ್ ಇರುವಾಗಲೇ ಗರ್ಭಕೋಶದ ಗೋಡೆಗೆ ನಾಟಿಕೊಂಡು, ಮುಂದಿನ ಐದಾರು ತಿಂಗಳು ಪೂರ್ತಿಯಾಗಿ ತಾಯಿಯ ರಕ್ತದಿಂದಲೇ ಪೋಷಣೆ ಪಡೆಯುತ್ತದೆ. ಹೊಕ್ಕುಳುಬಳ್ಳಿಯ ಮೈತುಂಬ ಸಣ್ಣ ಸಣ್ಣ ಕುಚ್ಚುಗಳು. ಅವೂ ಗರ್ಭದ್ರವವನ್ನು ಹೀರುತ್ತವೆಂದು ಊಹೆ. ಹುಟ್ಟುವ ಮರಿ ಹನ್ನೆರಡರಿಂದ ಹದಿನೈದು ಸೆಂಟಿಮೀಟರ್. ಸಾಸಿವೆಯಷ್ಟರಿಂದ ಗೇಣುದ್ದದವರೆಗಿನ ಈ ಬೆಳವಣಿಗೆಯಲ್ಲಿ ಅಂಡದ ಪಾಲು ನಗಣ್ಯ, ಎಲ್ಲವೂ ತಾಯಿಯದೇ. ಮುಂಬಯಿಯ ಸೆಟ್ನಾ ಮತ್ತು ಸಾರಂಗಧರ ಎಂಬ ವಿಜ್ಞಾನಿಗಳು 1940ರ ದಶಕದ ಕೊನೆಯಲ್ಲಿ ಈ ಮೀನಿನ ಬಸಿರನ್ನು ಕೂಲಂಕಷವಾಗಿ ಅಭ್ಯಸಿಸಿದರು. ಕಾರವಾರದ ಕಡಲೂ ಆಗ ಮುಂಬಯಿ ಪ್ರಾಂತಕ್ಕೇ ಸೇರಿತ್ತು. ಸಸ್ತನಿಗಳಿಗೂ ತಾಟೆಗಳಿಗೂ ಕೋಟ್ಯಂತರ ವರ್ಷಗಳಿಂದ ಸಂಬಂಧ ಹರಿದುಹೋಗಿದ್ದರೂ, ಇಬ್ಬರೂ ಬೇರೆ ಬೇರೆಯಾಗಿ ಇದೇ ಉಪಾಯವನ್ನು ಕಂಡುಕೊಂಡಿರುವುದನ್ನು ನೆನೆದರೆ ಬೆರಗಾಗುತ್ತದೆ.

ಗರಗಸ ಮೀನಿನ ಮಾತನ್ನೂ ಇಲ್ಲಿ ಹೇಳಿಬಿಡಬೇಕು. ಇದು ತಾಟೆಯಂತೆ ಕಂಡರೂ ತೊರಕೆಯ ಕುಲದ್ದು. ಎರಡು ಅಂಚಿಗೂ ಹಲ್ಲುಗಳಿರುವ ಗರಗಸದ ಮೂತಿಯ ಮರಿಯನ್ನು ಹೆರುವ ತಾಯಿಯ ಪಾಡೇನು ಎಂದು ಹೆಂಗಸರು ಕೇಳುವುದು ಸಹಜ. ಪ್ರಕೃತಿ ಅದಕ್ಕೂ ಏರ್ಪಾಡು ಮಾಡಿದೆ: ಹುಟ್ಟುವ ತನಕ ಗರಗಸ ಮೆತ್ತಗಿದ್ದು, ಹಲ್ಲುಗಳ ಮೇಲೆ ಒರೆಯಂಥ ಹೊದಿಕೆಯಿರುತ್ತದೆ. ಹುಟ್ಟಿದ ಮೇಲೆ ಒರೆ ಕಳಚುತ್ತದೆ.

ತಂದೆಯಿಲ್ಲದ ಮರಿ ಹುಟ್ಟಿದ್ದೂ ಉಂಟು. 2001ರಲ್ಲಿ ಅಮೆರಿಕದ ಒಮಾಹಾ ನಗರದ ಮೃಗಾಲಯದಲ್ಲಿ, ವರ್ಷಗಟ್ಟಲೆ ಗಂಡಿನ ಮುಖವನ್ನೇ ಕಾಣದ ಸುತ್ತಿಗೆತಲೆ ಜಾತಿಯ ಹೆಣ್ಣುಗಳ ತೊಟ್ಟಿಯಲ್ಲಿ ಮರಿಯೊಂದು ಕಾಣಿಸಿಕೊಂಡಿತು. ಅದರ ದೇಹದಲ್ಲಿ ತಂದೆಯ ಅಂಶ ಲವಲೇಶವೂ ಇಲ್ಲವೆಂದು ಪರೀಕ್ಷೆಯಿಂದ ದೃಢಪಟ್ಟು, 2007ರಲ್ಲಿ ಸುದ್ದಿ ಪ್ರಕಟವಾಯಿತು.

ಹಾಲಿನ ತಾಟೆ

ವೈದ್ಯ ಪ್ಯಾಟ್ರಿಕ್ ರಸೆಲ್ ವಿಶಾಖಪಟ್ಟಣದ ಇನ್ನೂರು ಮೀನುಗಳನ್ನು ವರ್ಣಿಸಿ 1803ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದ. ಮರಿ ಹಾಕುವ ನಮ್ಮ ಕೊಳಕುಮಂಡಲಕ್ಕೆ ಇಂಗ್ಲಿಷಿನಲ್ಲಿ ಈತನದೇ ಹೆಸರು. ಅವನು ದಾಖಲಿಸಿದ ತೆಲುಗು ಹೆಸರುಗಳಲ್ಲಿ ‘ಪಾಲ ಸೊರ್ರ’ ಎಂಬುದೊಂದು. ಎಂದರೆ ಹಾಲಿನ ತಾಟೆ. ಇಂಗ್ಲಿಷಿನಲ್ಲಿಯೂ ‘ಮಿಲ್ಕ್ ಷಾರ್ಕ್’ ಎಂಬ ಹೆಸರಿನ ತಾಟೆಯೊಂದುಂಟು. ಅದರ ಮಾಂಸ ತಿಂದರೆ ಬಾಣಂತಿಗೆ ಹಾಲು ಹೆಚ್ಚುತ್ತದೆಂಬ ಭಾರತದ ನಂಬಿಕೆಯೇ ಆ ಹೆಸರಿಗೆ ಮೂಲ. ನಮ್ಮ ಕರಾವಳಿಯ ಮನೆಗಳಲ್ಲಿಯೂ ಬಾಣಂತಿಗೆ ಮರಿ ತಾಟೆಯ ಸಾರು ಮಾಡಿಕೊಡುವ ಅಜ್ಜಿಯರಿದ್ದಾರೆ. ಪ್ರೀತಿಯಿಂದ ಬಂದ ಪದ್ಧತಿಯಾದ್ದರಿಂದ ಅದನ್ನು ಹಗುರವಾಗಿ ತಳ್ಳಿಹಾಕುವುದು ತರವಲ್ಲ. ಆದರೆ ಇಂದಿನ ವೈದ್ಯರ ಮಾತು ಬೇರೆಯಾಗಿದೆ. ತಾಟೆ ಇತರ ಮೀನುಗಳನ್ನು ತಿಂದು ಬದುಕುವ ಪ್ರಾಣಿ. ಅವುಗಳಲ್ಲಿರುವ ಪಾದರಸವೆಲ್ಲ ಅದರ ಮಾಂಸದಲ್ಲಿ ಸಂಗ್ರಹವಾಗುತ್ತದೆ. ತಾಯಿ ತಾಟೆಯ ಮೈಯ ಪಾದರಸ ಗರ್ಭದ ಮರಿಗೂ ದಾಟುತ್ತದೆ. ಆದ್ದರಿಂದ ಬಸುರಿಯರೂ, ಹಾಲೂಡಿಸುವ ತಾಯಂದಿರೂ, ಎಳೆಯ ಮಕ್ಕಳೂ ಷಾರ್ಕಿನ ಮಾಂಸವನ್ನು ಬಿಡಬೇಕೆಂದು ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಎಚ್ಚರಿಸಿದೆ. ಬಾಣಂತಿಗೆ ಮೀನೇ ಬೇಕೆಂದಿದ್ದರೆ ಬೂತಾಯಿ ಎಷ್ಟೋ ವಾಸಿ.

ತಾಟೆಯ ಪಕ್ಷದಿಂದಲೂ ಒಂದು ಲೆಕ್ಕ ಹೇಳಬೇಕು. ಹಾಲಿನ ತಾಟೆ ಸುಮಾರು ಒಂದು ವರ್ಷ ಬಸಿರು ಹೊತ್ತು ಸಾಮಾನ್ಯವಾಗಿ ಎರಡರಿಂದ ಐದು ಮರಿಗಳನ್ನು ಹಾಕುತ್ತದೆ, ಎಂಟಕ್ಕಿಂತ ಹೆಚ್ಚಿಲ್ಲ. ದೊಡ್ಡ ಸುತ್ತಿಗೆತಲೆಯ ತಾಟೆ ಹನ್ನೆರಡರಿಂದ ನಲವತ್ತರವರೆಗೆ ಹಾಕಬಹುದಾದರೂ ಅದು ಹೆರಿಗೆಗೆ ಬರುವುದು ತೀರದ ಆಳವಿಲ್ಲದ ನೀರಿಗೆ. ಅಂಥಲ್ಲಿಯೇ ಟ್ರಾಲ್ ದೋಣಿಗಳ ಬಲೆ ಬೀಳುತ್ತದೆ. ಒಂದು ರೋಹು ಮೀನು ಹೋದರೆ ಮತ್ತೊಂದರ ಲಕ್ಷ ಮೊಟ್ಟೆಗಳು ಆ ಸ್ಥಳವನ್ನು ತುಂಬಬಲ್ಲವು. ಒಂದು ಬಸುರಿ ತಾಟೆ ಹೋದರೆ ವರ್ಷದ ಫಲವೇ ಹೋಯಿತು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ನಿಷೇಧವಿದೆ. ಮಳೆಗಾಲದಲ್ಲಿ ಮೊಟ್ಟೆಯಿಡುವ ಮೀನುಗಳಿಗೆ ಇದು ವರವೇ ಸರಿ. ಹನ್ನೆರಡು ತಿಂಗಳು ಬಸುರಿಯಾಗಿರುವ ಪ್ರಾಣಿಗೆ ಎರಡು ತಿಂಗಳ ರಜೆ ಎಷ್ಟು ಸಾಕಾದೀತು? ಸ್ಕೋಲಿಯೋಡಾನ್ ಒಂದೆರಡು ವರ್ಷಕ್ಕೇ ಪ್ರಾಯಕ್ಕೆ ಬಂದು ಹತ್ತು ಹದಿನೈದು ಮರಿಗಳನ್ನು ಹಾಕುವುದರಿಂದ ಹೇಗೋ ತಾಳಿಕೊಂಡಿದೆ. ಸುತ್ತಿಗೆತಲೆಯ ತಾಟೆಯನ್ನು 2019ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆ ಅಳಿವಿನ ಅಂಚಿನ ಕೊನೆಯ ಮೆಟ್ಟಿಲಿಗೆ ಸೇರಿಸಿತು. ತಿಮಿಂಗಿಲ ತಾಟೆಗೂ ಗರಗಸ ಮೀನಿಗೂ ನಮ್ಮ ವನ್ಯಜೀವಿ ಕಾಯಿದೆ 2001ರಲ್ಲಿಯೇ ಹುಲಿ ಆನೆಗಳಿಗೆ ಸಮನಾದ ರಕ್ಷಣೆ ಕೊಟ್ಟಿದೆ. ತಾಟೆಯ ರೆಕ್ಕೆಗಳ ರಫ್ತು 2015ರಲ್ಲಿ ನಿಂತಿತು.

ಇವುಗಳ ಬಾಳಿನ ಗತಿ ಎಷ್ಟು ನಿಧಾನವೆಂಬುದಕ್ಕೆ ಗ್ರೀನ್‌ಲ್ಯಾಂಡ್ ತಾಟೆಯ ಕಣ್ಣೇ ಸಾಕ್ಷಿ. ಕಣ್ಣಿನ ಮಸೂರದ ನಡುಭಾಗ ತಾಯಿಯ ಗರ್ಭದಲ್ಲಿರುವಾಗ ರೂಪುಗೊಂಡದ್ದು. ಆಮೇಲೆ ಅದು ಬದಲಾಗುವುದಿಲ್ಲ. ಆ ಕಣದಲ್ಲಿರುವ ಇಂಗಾಲವನ್ನು ಅಳೆದು, ಈ ಮೀನು ಇನ್ನೂರೆಪ್ಪತ್ತು ವರ್ಷಕ್ಕೂ ಹೆಚ್ಚು ಬಾಳುತ್ತದೆಂದೂ, ಹೆಣ್ಣು ಪ್ರಾಯಕ್ಕೆ ಬರುವುದು ನೂರೈವತ್ತರ ಸುಮಾರಿಗೆಂದೂ 2016ರಲ್ಲಿ ಲೆಕ್ಕ ಹಾಕಿದರು. ಟಿಪ್ಪುವಿನ ಕಾಲದಲ್ಲಿ ಹುಟ್ಟಿದ್ದು ಇಂದೂ ಈಜುತ್ತಿರಬಹುದು.

ಮೀನುಪೇಟೆಗೆ ಹೋಗುವ ವಾಚಕರು ಮರಿ ತಾಟೆಯನ್ನು ಕಂಡಾಗ ಒಮ್ಮೆ ಅಂಗಾತ ಮಾಡಿ ನೋಡಬಹುದು. ಎದೆಯ ಎರಡು ಈಜುರೆಕ್ಕೆಗಳ ನಡುವೆ, ಸರಿಯಾಗಿ ನಟ್ಟನಡುವೆ, ಉಗುರು ಗೀರಿದಂಥ ಸಣ್ಣ ಸೀಳೊಂದಿರುತ್ತದೆ. ಅದೇ ಅದರ ಹೊಕ್ಕುಳು. ಸೀಳು ಇನ್ನೂ ತೆರೆದಿದ್ದರೆ ಮರಿ ಹುಟ್ಟಿ ಕೆಲವು ದಿನಗಳಾಗಿವೆಯಷ್ಟೆ. ವಾರಗಳು ಕಳೆದಂತೆ ಅದು ಮುಚ್ಚಿ, ತೆಳುವಾದ ಗೆರೆಯಾಗಿ, ಕೊನೆಗೆ ಚರ್ಮದಲ್ಲಿ ಮರೆಯಾಗುತ್ತದೆ.